ಚಿರತೆಯ ಬೀಗರು

ಫಲಕಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದನ್ನು ಹೇಳಬೇಕಾದರೆ ಅವನ ಹೆಂಡತಿಯೂ ಒಂದು ಕ್ಷಣ ಯೋಚಿಸುತ್ತಿದ್ದಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಚಪ್ಪಲಿ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಬೆರಳು ತೂರಿಸಿದಂತೆ ಒಂದು ಕೋಣೆ. ಗಿರಾಕಿ ಒಳಗೆ ಬಂದರೆ ಹೆಂಡತಿ ಎದ್ದು ಹೊರಗೆ ನಿಲ್ಲಬೇಕು. ಅಲ್ಲಿ ಅವನು ಶೀಲ್ಡು, ಕಪ್ಪು, ನಾಮಫಲಕಗಳನ್ನು ಕೆತ್ತುತ್ತಿದ್ದ. ಅವಳು ಅವುಗಳ ಪೆಟ್ಟಿಗೆಗೆ ಒಳಗಿನಿಂದ ಮಖಮಲ್ಲು ಅಂಟಿಸುತ್ತಿದ್ದಳು. ಅವಳ ಬೆರಳ ತುದಿಗಳು ಸದಾ ಗೋಂದಿನಿಂದ ಬಿರುಸಾಗಿರುತ್ತಿದ್ದವು. ಅವನ ಹುಬ್ಬಿನ ಮೇಲೆ ಸದಾ ಅಕ್ರಿಲಿಕ್ಕಿನ ಬಿಳಿ ಪುಡಿ.

ಇಡೀ ಊರಿನ ಕೀರ್ತಿ ಆ ಕೋಣೆಯನ್ನು ಹಾದೇ ಹೋಗಬೇಕಿತ್ತು. ಓಟದಲ್ಲಿ ಮೊದಲು ಬಂದವರು, ಸೇವೆಯಿಂದ ನಿವೃತ್ತರಾದವರು, ಸಂಘಕ್ಕೆ ಕುರ್ಚಿ ಕೊಟ್ಟವರು, ಕುರ್ಚಿಯಲ್ಲಿ ಕೂತವರು, ಎಲ್ಲರ ಹೆಸರನ್ನೂ ಅವನೇ ಕೆತ್ತಿದ. ಸಮಾರಂಭದ ದಿನ ಪೆಟ್ಟಿಗೆಯನ್ನು ಹಿಂಬಾಗಿಲಿನಿಂದ ತಲುಪಿಸಿ, ಅದು ಯಾರ ಕೈ ಸೇರುತ್ತದೆಂದು ನೋಡಲು ಗೋಡೆಗೆ ಒರಗಿ ನಿಲ್ಲುತ್ತಿದ್ದ. ನೋಡಿದ ಮೇಲೆ ಪ್ರತಿ ಸಲವೂ ಒಂದೇ ಮಾತು: "ಇವನಿಗಾ?" ಹೀಗೆ ವರ್ಷಗಟ್ಟಲೆ ಊರನ್ನೆಲ್ಲ ತಿರಸ್ಕರಿಸುತ್ತಾ, ಊರಿನ ಚಪ್ಪಾಳೆಗಾಗಿ ಒಳಗೊಳಗೇ ಬಾಯಾರುತ್ತಾ ಅವನು ನಡುವಯಸ್ಸು ದಾಟಿದ. ಶಾಲೆಯಲ್ಲಿ ಅವನಿಗೆ ಒಂದು ಬಹುಮಾನವೂ ಬಂದಿರಲಿಲ್ಲ. ತಪ್ಪದೆ ಹಾಜರಾದವರಿಗೆ ಕೊಡುತ್ತಿದ್ದ ಪೆನ್ಸಿಲ್ ಕೂಡ, ಆ ವರ್ಷ ಕೆನ್ನೆ ಊದಿಕೊಂಡು ಮಲಗಿದ್ದರಿಂದ ಕೈ ತಪ್ಪಿತ್ತು. ಕೆತ್ತುವ ಯಂತ್ರದ ಮೊನೆ ಬದಲಿಸಿದಾಗೆಲ್ಲ ಅದು ನೆಟ್ಟಗೆ ಓಡುತ್ತದೆಯೇ ಎಂದು ಪರೀಕ್ಷಿಸಲು ಒಂದು ಅಕ್ರಿಲಿಕ್ ಚೂರಿನ ಮೇಲೆ ಏನಾದರೂ ಕೆತ್ತಬೇಕಲ್ಲ, ಆಗ ಅವನು ತನ್ನ ಹೆಸರನ್ನು ಕೆತ್ತುತ್ತಿದ್ದ. ನೋಡಿ, ಉಜ್ಜಿ ಅಳಿಸಿ, ಚೂರುಗಳ ಚೀಲಕ್ಕೆ ಎಸೆಯುತ್ತಿದ್ದ. ಹೆಂಡತಿಗೆ ಗೊತ್ತಿತ್ತು. ಈ ಒಂದು ವಿಷಯಕ್ಕೆ ಮಾತ್ರ ಅವಳು ಎಂದೂ ಅವನನ್ನು ಆಡಿಕೊಂಡಿರಲಿಲ್ಲ.

ಇಂಥವನ ಅಂಗಡಿಗೆ ಒಂದು ದಿನ ಚಿರತೆ ಬಳಗದ ಕಾರ್ಯದರ್ಶಿ ಮೇಡಂ ಬಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರಾಚೆಯ ಗುಡ್ಡದಲ್ಲಿ ಚಿರತೆಗಳಿವೆಯೆಂದೂ, ಅವುಗಳನ್ನು ಉಳಿಸಲು ಬಳಗವಿದೆಯೆಂದೂ, ಭಾನುವಾರ ಭಾನುವಾರ ಸ್ವಯಂಸೇವಕರು ಗುಡ್ಡಕ್ಕೆ ಹೋಗುತ್ತಾರೆಂದೂ ಹೇಳಿದರು. ಫಲಕಪ್ಪ ಆಕಳಿಸುತ್ತಾ ಕೇಳಿದ. ಅವನು ಚಿರತೆಯನ್ನು ಬಿಸ್ಕತ್ತಿನ ಪೊಟ್ಟಣದ ಮೇಲೂ ಗಮನವಿಟ್ಟು ನೋಡಿದವನಲ್ಲ.

"ದೇಣಿಗೆ ಕೊಟ್ಟೋರು ಒಂದು ಚಿರತೇನ ದತ್ತು ತಗೋಬಹುದು," ಎಂದರು ಮೇಡಂ. "ನೀವೇ ಹೆಸರಿಡಬಹುದು. ಗುಡ್ಡದ ಬುಡದಲ್ಲಿ ನಿಮ್ಮ ಹೆಸರಿನ ಫಲಕ ಹಾಕ್ತೀವಿ."

ಫಲಕಪ್ಪನ ಆಕಳಿಕೆ ಅರ್ಧಕ್ಕೇ ನಿಂತಿತು. "ನನ್ನ ಹೆಸರಾ?"

"ನಿಮ್ಮದೇ. ಫಲಕ ಮಾತ್ರ ನೀವೇ ಮಾಡ್ಕೋಬೇಕು."

ಅವತ್ತಿನಿಂದ ಅವನು ಕಾಡಿನ ಭಕ್ತ. ಚಿರತೆ ಮುಖದ ಟೀಶರ್ಟು ಬಂತು, ಟೋಪಿ ಬಂತು, ಕುತ್ತಿಗೆಗೆ ನೇತುಹಾಕುವ ದುರ್ಬೀನು ಬಂತು. ದುರ್ಬೀನಿನ ಮುಚ್ಚಳ ತೆಗೆಯದೆಯೇ ಒಂದಿಡೀ ಭಾನುವಾರ ಅವನು ಗುಡ್ಡ ನೋಡಿದ್ದುಂಟು. ಅಂಗಡಿಗೆ ಬಂದವರಿಗೆ ಶೀಲ್ಡಿನ ಅಳತೆ ಕೇಳುವ ಮೊದಲು ವನ್ಯಜೀವಿಗಳ ಅಳಿವಿನ ಬಗ್ಗೆ ಹೇಳುತ್ತಿದ್ದ. ಜನ ಬೇಗ ಬೇಗ ಅಳತೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು.

ಬಳಗದ ಉಳಿದವರೂ ಇದೇ ಜಾತಿಯ ಹಕ್ಕಿಗಳು. ಭಾನುವಾರ ಬೆಳಿಗ್ಗೆ ರಸ್ತೆ ಬದಿಯಲ್ಲಿ 'ಚಿರತೆ ಉಳಿಸಿ' ಎಂಬ ಬ್ಯಾನರು ಕಟ್ಟುವುದು, ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದು, ತಂದ ತಿಂಡಿ ತಿನ್ನುವುದು, ತಟ್ಟೆ ಲೋಟಗಳನ್ನು ಚರಂಡಿಗೆ ತಳ್ಳಿ ಮನೆಗೆ ಬರುವುದು. ಬ್ಯಾನರು ಗಾಳಿಗೆ ಹಾರದಂತೆ ಬುಡಕ್ಕೆ ಭಾರ ಬೇಕಿತ್ತು. ಫಲಕಪ್ಪ ಅಂಗಡಿಯ ಅಕ್ರಿಲಿಕ್ ಚೂರುಗಳ ಚೀಲಗಳನ್ನೇ ಹೊತ್ತು ತಂದ. ಬರುವಾಗ ಭಾರವಿದ್ದದ್ದು ಹೋಗುವಾಗ ಯಾಕೆ ಎಂದು ಅವನ್ನು ಅಲ್ಲೇ ಬಿಟ್ಟ. ಮುಂದಿನ ವಾರ ಹೊಸ ಬ್ಯಾನರು, ಹೊಸ ಚೀಲ. ಆ ಚರಂಡಿ ಇಳಿಜಾರಿನಲ್ಲಿ ಹರಿದು, ಹೆದ್ದಾರಿಯ ಕೆಳಗಿನ ಮೋರಿಯೊಳಗೆ ಹೋಗುತ್ತಿತ್ತು. ಮನುಷ್ಯ ಬಗ್ಗಿ ಹೊಗಬಹುದಾದಷ್ಟು ಅಗಲದ, ದುಂಡನೆಯ ಸಿಮೆಂಟಿನ ಕೊಳವೆ. ಗುಡ್ಡದಿಂದ ಆಚೆ ಬದಿಯ ಕೆರೆಗೆ ನೀರು ಕುಡಿಯಲು ಹೋಗುವ ಪ್ರಾಣಿಗಳಿಗೆ ಅದೊಂದೇ ದಾರಿ. ಇದು ಬಳಗದವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವರು ಹಂಚುತ್ತಿದ್ದ ಕರಪತ್ರದಲ್ಲೇ ಅದು ಅಚ್ಚಾಗಿತ್ತು.

ಇನ್ನು ಕ್ಯಾಮೆರಾಗಳ ಸಂಗತಿ. ಪ್ರಾಣಿ ಎದುರಿಗೆ ಹಾದರೆ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಅರಣ್ಯ ಕಚೇರಿಯವರು ಬಳಗಕ್ಕೆ ಕೊಟ್ಟಿದ್ದರು. ಕೊಡುವಾಗ ಒಂದು ಮಾತು ಹೇಳಿದ್ದರು: ದಾರಿಯ ಆ ಕಡೆ ಒಂದು, ಈ ಕಡೆ ಒಂದು, ಎದುರುಬದುರು ಜೋಡಿಯಾಗಿ ಕಟ್ಟಿ. ಚಿರತೆಯ ಮೈಮೇಲಿನ ಚುಕ್ಕೆಗಳು ಎಡ ಮಗ್ಗುಲಲ್ಲಿ ಒಂದು ಥರ, ಬಲ ಮಗ್ಗುಲಲ್ಲಿ ಇನ್ನೊಂದು ಥರ. ಎರಡೂ ಒಟ್ಟಿಗೆ ಸಿಕ್ಕರೆ ಮಾತ್ರ ಯಾವುದು ಯಾವುದೆಂದು ಗುರುತು ಹತ್ತುತ್ತದೆ.

ಬಳಗದ ಸಭೆಯಲ್ಲಿ ಎದ್ದು ನಿಂತವನು ಫಲಕಪ್ಪ. "ಒಂದೇ ಜಾಗಕ್ಕೆ ಎರಡೆರಡು ಯಾಕೆ? ಬಿಡಿಬಿಡಿಯಾಗಿ ಕಟ್ಟಿದ್ರೆ ಜಾಗ ಎರಡಾಗುತ್ತೆ. ಒಬ್ಬೊಬ್ಬ ದಾನಿಗೂ ಒಂದೊಂದು ಕ್ಯಾಮೆರಾ. ಕೆಳಗೆ ಒಂದು ಪುಟ್ಟ ನಾಮಫಲಕ."

ಇಂಥ ಅದ್ಭುತ ಮಾತನ್ನು ಆ ಸಭೆ ಹಿಂದೆಂದೂ ಕೇಳಿರಲಿಲ್ಲ. ಚಪ್ಪಾಳೆ ಬಿತ್ತು. ಫಲಕಪ್ಪನ ಜೀವನದ ಮೊದಲ ಚಪ್ಪಾಳೆ. ಆ ಸುಖಕ್ಕೆ ಅವನ ಕಿವಿಯ ತುದಿಗಳು ಕೆಂಪಾದವು. ಒಬ್ಬರಿಗೂ, ಮೇಡಂಗೆ ಕೂಡ, ಅರಣ್ಯ ಕಚೇರಿಯವರ ಮಾತನ್ನು ನೆನಪಿಸುವ ಮನಸ್ಸಾಗಲಿಲ್ಲ.

ಮೋರಿಯ ಬಾಯಿಗೆ ಕಟ್ಟಿದ ಫಲಕಪ್ಪನ ಕ್ಯಾಮೆರಾಕ್ಕೆ ಒಂದು ಚಿರತೆ ಸಿಕ್ಕಿತು. ಮತ್ತೆ ಮತ್ತೆ ಸಿಕ್ಕಿತು, ಪ್ರತಿ ಸಲವೂ ಎಡ ಮಗ್ಗುಲು. ಭುಜದ ಮೇಲೆ ಮೂರು ಚುಕ್ಕೆ ಕೂಡಿ, ಮುರಿದ ಬಳೆಯಂತೆ ಕಾಣುತ್ತಿತ್ತು. ಹೊಟ್ಟೆ ನೋಡಿದರೆ ಹೆಣ್ಣು. ಫಲಕಪ್ಪ 'ಮಹಾರಾಣಿ' ಎಂದು ಹೆಸರಿಟ್ಟ. ಆಚೆ, ಹಳೆಯ ಕಲ್ಲುಗಣಿಯ ದಾರಿಯಲ್ಲಿ ಕಟ್ಟಿದ್ದ ಇನ್ನೊಂದು ಕ್ಯಾಮೆರಾದಲ್ಲಿಯೂ ಒಂದು ಚಿರತೆ, ಪ್ರತಿ ಸಲವೂ ಬಲ ಮಗ್ಗುಲು, ಪಕ್ಕೆಯ ಮೇಲೆ ಕೊಕ್ಕೆಯಂಥ ಗುರುತು. ಆ ಕ್ಯಾಮೆರಾದ ದಾನಿ ಡ್ರೈವಿಂಗ್ ಸ್ಕೂಲಿನ ಮಾಲೀಕ. ಕಲಿಯಲು ಬಂದವರಿಗೆಲ್ಲ "ಕ್ಲಚ್ಚು! ಕ್ಲಚ್ಚು!" ಎಂದು ಕಿರುಚಿ ಕಿರುಚಿ ಅವನಿಗೆ ಕ್ಲಚ್ಚು ಮೇಷ್ಟ್ರು ಎಂದೇ ಹೆಸರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಅವನು ತನ್ನ ಚಿರತೆಗೆ 'ಸುಲ್ತಾನ' ಎಂದು ಹೆಸರಿಟ್ಟ.

"ಗಂಡು ಅಂತ ಹೆಂಗೆ ಹೇಳ್ತೀರಿ?" ಎಂದು ಮೇಡಂ ಒಮ್ಮೆ ಕೇಳಿದ್ದರು. ಹುಲ್ಲು ಅಡ್ಡ ಬಂದು ಕೆಳಗಿನ ಭಾಗ ಕಾಣುತ್ತಿರಲಿಲ್ಲ.

"ನಡಿಗೆ ನೋಡಿ ಮೇಡಂ, ನಡಿಗೆ. ಗಂಡಸಿನ ಗತ್ತು ಅದು. ನನ್ನದೇ ನಡಿಗೆ ನೋಡಿದಂಗಾಗುತ್ತೆ."

ಒಂದೇ ಗುಡ್ಡ, ಒಂದು ಹೆಣ್ಣು, ಒಂದು ಗಂಡು. ಮುಂದಿನದ್ದು ತಾನಾಗಿಯೇ ಆಯಿತು. ಎಂದೂ ಒಬ್ಬರನ್ನೊಬ್ಬರು ಕಂಡರಾಗದಿದ್ದ ಇಬ್ಬರು ಗಂಡಸರು ಬೀಗರಾದರು.

"ಏನ್ ಬೀಗರೇ, ನಮ್ಮ ಹುಡುಗಿ ಚೆನ್ನಾಗಿದಾಳಾ?" ಎಂದು ಫಲಕಪ್ಪ ಕೇಳುವನು.

"ನಮ್ಮ ಹುಡುಗ ಇರೋವಾಗ ಅವಳಿಗೇನ್ ಕಮ್ಮಿ?" ಎಂದು ಮೇಷ್ಟ್ರು ಹೇಳುವನು. "ಆದ್ರೆ ಬೀಗರೇ, ಗಂಡಿನ ಕಡೆಯವರು ಬಂದ್ರೆ ಒಂದು ಲೋಟ ಕಾಫಿನೂ ಇಲ್ವಲ್ಲ ನಿಮ್ಮ ಅಂಗಡೀಲಿ!"

ಹೆಂಡತಿ ಮಖಮಲ್ಲಿನಿಂದ ತಲೆ ಎತ್ತದೆ ಹೇಳುವಳು: "ಹೆತ್ತ ಮಗಳ ಮನೆಗೆ ಹೋಗಿ ವರ್ಷವಾಯ್ತು. ಇವರು ಚಿರತೆ ಬಸಿರಾಗೋದನ್ನ ಕಾಯ್ತಾ ಕೂತಿದಾರೆ."

ಗುಡ್ಡದ ಬುಡಕ್ಕೆ ಹಾಕುವ ಫಲಕವನ್ನು ಫಲಕಪ್ಪ ಕಬ್ಬಿಣದ ದಪ್ಪ ತಗಡಿನಲ್ಲಿ ಮಾಡಿದ. ಅಗಲ ಬಾಗಿಲಿನಷ್ಟಿತ್ತು, ಅಂಗಡಿಯೊಳಗೆ ಮಲಗಿಸಿದರೆ ಹೆಂಡತಿ ದಿನವಿಡೀ ಬೀದಿಯಲ್ಲೇ ಕೂರಬೇಕಾಯಿತು. ಎಡಕ್ಕೆ ಮಹಾರಾಣಿ, ಬಲಕ್ಕೆ ಸುಲ್ತಾನ, ಒಂದರ ಮುಖ ಒಂದಕ್ಕೆ ಎದುರಾಗಿ. ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಚುಕ್ಕೆಯನ್ನೂ ಕೈಯಿಂದಲೇ ಕೆತ್ತಿದ. ನಿಜ ಹೇಳಬೇಕು, ಕೆಲಸ ಚೆನ್ನಾಗಿತ್ತು. ಕೆಳಗೆ 'ಪೋಷಕರು' ಎಂದು ಇಬ್ಬರ ಹೆಸರು. ಯಾರ ಅಕ್ಷರ ದಪ್ಪಗಿರಬೇಕು ಎಂದು ಬೀಗರ ನಡುವೆ ಒಂದು ವಾರ ಮಾತು ನಿಂತಿತ್ತು. ಕೊನೆಗೆ ಸಮವಾಗಿಯೇ ಕೆತ್ತಿದ. ತನ್ನ ಅಕ್ಷರಗಳನ್ನು ಮಾತ್ರ ಕೂದಲೆಳೆಯಷ್ಟು ಹೆಚ್ಚು ಆಳವಾಗಿ ಕೆತ್ತಿದ್ದ. ಬಿಸಿಲು ಬಿದ್ದಾಗ ಅವು ಹೆಚ್ಚು ಹೊಳೆಯಬೇಕೆಂದು.

ಭಾನುವಾರ ಅನಾವರಣ. ಶನಿವಾರ ಬೆಳಿಗ್ಗೆ ಫಲಕವನ್ನು ಡ್ರೈವಿಂಗ್ ಸ್ಕೂಲಿನ ಕಾರಿನ ಮೇಲೆ ಕಂಬಳಿ ಸುತ್ತಿ ಕಟ್ಟಿದರು. ಮೇಷ್ಟ್ರು ಸ್ಟೇರಿಂಗ್ ಹಿಡಿದ. ಫಲಕಪ್ಪ ಪಕ್ಕದ ಸೀಟಿನಲ್ಲಿ, ಕಲಿಸುವವರಿಗಾಗಿ ಇರುವ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟು ಕೂತ. ಹೆಂಡತಿ ಹಿಂದೆ. ಊರ ಅಂಚು ದಾಟುವಷ್ಟರಲ್ಲಿ ಮೇಡಂ ಫೋನು ಬಂತು. ಬೆಳಕು ಹರಿಯುವ ಹೊತ್ತಿಗೆ ಹೆದ್ದಾರಿಯಲ್ಲಿ ಒಂದು ಚಿರತೆಗೆ ತರಕಾರಿ ಗಾಡಿ ಬಡಿದಿದೆ, ಜೀವ ಇದೆ, ಪಶು ಆಸ್ಪತ್ರೆಗೆ ತಂದಿದ್ದಾರೆ.

"ಎಡಗಡೆ ಬಳೆ ಗುರುತಿದೆಯಾ ನೋಡಿ!" ಎಂದು ಫಲಕಪ್ಪ ಫೋನಿಗೆ ಕಿರುಚಿದ.

"ಪಾಪ ಬೀಗರೇ, ನಿಮ್ಮ ಹುಡುಗೀನೇ ಇರ್ಬೇಕು," ಎಂದ ಮೇಷ್ಟ್ರು. ಆ ದನಿಯಲ್ಲಿ ಪಾಪ ಇರಲಿಲ್ಲ. ತನ್ನ ಕಡೆಯದ್ದಲ್ಲ ಎಂಬ ಸಮಾಧಾನವಿತ್ತು.

ಆಸ್ಪತ್ರೆಯ ಹಿಂದಿನ ಕೋಣೆ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಸಿಮೆಂಟು ನೆಲದ ಮೇಲೆ ಟಾರ್ಪಾಲು ಹಾಸಿ, ಮಂಪರಿನ ಸೂಜಿ ಕೊಟ್ಟು ಚಿರತೆಯನ್ನು ಮಲಗಿಸಿದ್ದರು. ಕಣ್ಣಿಗೆ ಬಟ್ಟೆ. ಚಿತ್ರಗಳಲ್ಲಿ ಕಂಡಷ್ಟು ದೊಡ್ಡದಿರಲಿಲ್ಲ. ಪಂಜದ ಕೆಳಗಿನ ಮೆತ್ತೆ ಒಡೆದು, ಬರಿಗಾಲಲ್ಲಿ ದುಡಿದವರ ಹಿಮ್ಮಡಿಯಂತಿತ್ತು. ಉಸಿರಿಗೊಮ್ಮೆ ಪಕ್ಕೆ ಏರಿ ಇಳಿದಾಗ ಚುಕ್ಕೆಗಳೆಲ್ಲ ಒಂದಿಷ್ಟು ದೂರ ಹೋಗಿ ಮತ್ತೆ ಹತ್ತಿರ ಬರುತ್ತಿದ್ದವು. ಮೇಲ್ಗಡೆ ಇದ್ದದ್ದು ಎಡ ಮಗ್ಗುಲು. ಭುಜದ ಮೇಲೆ ಮುರಿದ ಬಳೆ.

"ಮಹಾರಾಣಿ," ಎಂದ ಫಲಕಪ್ಪ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಆ ದುಃಖದಲ್ಲಿ ಎಷ್ಟು ಭಾಗ ಚಿರತೆಗೆ, ಎಷ್ಟು ಭಾಗ ನಾಳಿನ ಅನಾವರಣಕ್ಕೆ ಎಂದು ಅವನಿಗೇ ತಿಳಿದಿರಲಾರದು.

"ಮೂಳೆ ಮುರಿದಿಲ್ಲ," ಎಂದರು ಡಾಕ್ಟರು. "ಆ ಕಡೆ ಪಕ್ಕೆ ನೋಡ್ಬೇಕು. ತಿರುಗಿಸ್ರಪ್ಪ."

ಸಹಾಯಕರು ಟಾರ್ಪಾಲಿನ ಅಂಚು ಹಿಡಿದು ಮೆಲ್ಲಗೆ ಮಗ್ಗುಲು ಬದಲಿಸಿದರು. ಬಲ ಪಕ್ಕೆ ಮೇಲಾಯಿತು. ಅಲ್ಲಿ ಕೊಕ್ಕೆ.

ಫಲಕಪ್ಪನಿಗೆ ಅನುಮಾನಪಡುವ ಅನುಕೂಲವೂ ಇರಲಿಲ್ಲ. ಆ ಕೊಕ್ಕೆಯನ್ನು ಅವನೇ ತನ್ನ ಕೈಯಾರೆ ತಗಡಿನಲ್ಲಿ ಕೆತ್ತಿದ್ದ.

"ಸುಲ್ತಾನ!" ಎಂದು ಮೇಷ್ಟ್ರು ಚೀರಿದ.

"ಯಾವ ಸುಲ್ತಾನ ರೀ?" ಎಂದರು ಡಾಕ್ಟರು. "ಇದು ಹೆಣ್ಣು. ಇದರ ಹಲ್ಲು ನೋಡಿದ್ರೆ ಅಜ್ಜಿ ಅನ್ನಬಹುದು. ನಿಮ್ಮ ಕ್ಯಾಮೆರಾಗಳಿಗೆ ಬೇರೆ ಯಾವುದೂ ಸಿಕ್ಕಿಲ್ಲ ಅಂದ್ರೆ ಗುಡ್ಡದಲ್ಲಿ ಇರೋದು ಇದೊಂದೇ."

ಮೊದಲು ಕೇಳಿದ್ದು ಫಲಕಪ್ಪನ ಹೆಂಡತಿಯ ನಗು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ಬಾಗಿಲಿನ ಹೊರಗೆ ಹೋಗಿ ಗೋಡೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಬೀಗರೇ! ವಧೂನೂ ಅವಳೇ, ವರಾನೂ ಅವಳೇ! ಖರ್ಚು ಎಷ್ಟು ಉಳೀತು ನೋಡಿ!"

ಜಗುಲಿಯಲ್ಲಿ ಮೇಡಂ ಕನ್ನಡಕ ಒರೆಸುತ್ತಾ ಹೇಳಿದರು: "ನನಗೆ ಸ್ವಲ್ಪ ಅನುಮಾನ ಇತ್ತು."

"ಇತ್ತಾ? ಹೇಳ್ಬೇಕಿತ್ತಲ್ಲ ಮೇಡಂ!" ಎಂದ ಫಲಕಪ್ಪ.

"ಹೇಳಿದ್ರೆ ನಿಮ್ಮಿಬ್ಬರಲ್ಲಿ ಒಬ್ಬರು ಬಳಗ ಬಿಟ್ಟು ಹೋಗ್ತಿದ್ರಿ. ಇರಲಿ, ಇಬ್ಬರಿಗೂ ಸಂತೋಷವಾಗಿದೆಯಲ್ಲ ಅಂತ ಸುಮ್ಮನಿದ್ದೆ." ಮಕ್ಕಳಿಗೆ ಅಂಕ ಕೊಟ್ಟು ಕೊಟ್ಟು ರೂಢಿಯಾದ ದನಿ.

ಡಾಕ್ಟರು ಕೈ ತೊಳೆದು ಹೊರಗೆ ಬಂದರು. "ನೋಡಿ, ಮೋರಿ ಕಟ್ಟಿಕೊಂಡಿದೆ. ಅದಕ್ಕೇ ಇದು ರಸ್ತೆ ಮೇಲೆ ಬಂದಿದೆ. ನಾಳೆ ಸಂಜೆಯೊಳಗೆ ಮೋರಿ ತೆರವಾದ್ರೆ ಇದನ್ನ ಗುಡ್ಡಕ್ಕೇ ಬಿಡ್ತೀನಿ. ಆಗಲಿಲ್ಲ ಅಂದ್ರೆ ಮೃಗಾಲಯದ ಗಾಡಿ ಬರುತ್ತೆ. ಈ ವಯಸ್ಸಲ್ಲಿ ಬೋನು ಸೇರಿದ್ರೆ ಸಾಯೋವರೆಗೂ ಬೋನೇ."

"ನಾಳೆ ಹೆಂಗಾಗುತ್ತೆ?" ಎಂದ ಮೇಷ್ಟ್ರು. "ನಾಳೆ ಅನಾವರಣ ಇದೆಯಲ್ಲ."

"ಅದೇ ನಾನೂ ಯೋಚಿಸ್ತಿದ್ದೆ," ಎಂದ ಫಲಕಪ್ಪ. "ಒಂದೇ ಚಿರತೆ ಅಂದ್ಮೇಲೆ ಹೆಸರು ಒಂದೇ ಇರ್ಬೇಕು. ಒಂದನ್ನ ಉಜ್ಜಿ ಅಳಿಸ್ತೀನಿ. ಮೊದಲು ಸಿಕ್ಕಿದ್ದು ನನ್ನ ಕ್ಯಾಮೆರಾಕ್ಕೆ."

"ಬಲಗಡೆ ನಂದು ರೀ! ಅರ್ಧ ಚಿರತೆ ನಂದು!"

"ನಿಮ್ಮದು ಗಂಡು ಅಲ್ವಾ? ನಿಮ್ಮ ಗಂಡು ಎಲ್ಲಿದೆ ತೋರಿಸಿ!"

ಒಳಗೆ ಆ ಮುದಿ ಪ್ರಾಣಿ ಮಂಪರಿನಲ್ಲಿ ಕಾಲು ಜಾಡಿಸಿತು. ಹೊರಗೆ ಇವರು ಅದನ್ನು ಉದ್ದಕ್ಕೆ ಸೀಳಿ ಪಾಲು ಹಂಚುತ್ತಿದ್ದರು. ಹೆಂಡತಿಯ ನಗು ಯಾವಾಗಲೋ ನಿಂತಿತ್ತು. ಅವಳು ಕಾರಿನ ಹತ್ತಿರ ಹೋಗಿ ಮೇಲಿನ ಕಂಬಳಿಯನ್ನು ಸರಕ್ಕನೆ ಎಳೆದಳು.

"ಈ ತಗಡಿಗೆ ಹಗ್ಗ ಕಟ್ಟಿದ್ರೆ ಕೆಸರು ಎಳೆಯಕ್ಕೆ ಬರುತ್ತಾ ಇಲ್ವಾ?"

"ಏಯ್, ನಿನಗೆ ತಲೆ ಕೆಟ್ಟಿದೆಯಾ? ತಿಂಗಳುಗಟ್ಟಲೆ ಕೆತ್ತಿದೀನಿ!"

"ನಾನು ಅಷ್ಟೂ ದಿನ ಬೀದೀಲಿ ಕೂತಿದ್ದೆ. ನನಗೂ ಇದರಲ್ಲಿ ಪಾಲಿದೆ. ಗಾಡಿ ಹತ್ತಿ."

ಅವನು ಹತ್ತಿದ. ಇದನ್ನು ಮನಸ್ಸು ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳ ಆ ದನಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ, ಅಷ್ಟೇ.

ಮೋರಿಯ ಬಾಯಿಗೆ ಅಡ್ಡವಾಗಿ ಬಳಗದ ಬ್ಯಾನರೇ ಅಂಟಿಕೊಂಡಿತ್ತು. 'ಚಿರತೆ ಉಳಿಸಿ' ಎಂಬುದು ತಲೆಕೆಳಗಾಗಿ, ಕೆಸರಿನಲ್ಲಿ ಗಟ್ಟಿಯಾಗಿ. ಅದನ್ನು ಕಿತ್ತರೆ ಅದರ ಹಿಂದೆ ಹೋದ ತಿಂಗಳ ಬ್ಯಾನರು, ಅದರ ಹಿಂದೆ ತಟ್ಟೆಗಳು, ಲೋಟಗಳು, ಬಾಟಲಿಗಳು. ಮೇಷ್ಟ್ರು ಒಳಗೆ ಹೊಗಲು ನೋಡಿ, ಹೊಟ್ಟೆ ಸಿಕ್ಕಿಕೊಂಡು, ಕಾಲು ಹಿಡಿದು ಎಳೆಸಿಕೊಂಡ. ಹಗ್ಗ ಎಳೆಯುವ ಕೆಲಸಕ್ಕೆ ಅವನು, ಮೇಡಂ, ಹೆಂಡತಿ ಹೊರಗೆ ನಿಂತರು. ತೆಳ್ಳಗಿದ್ದವನು ಫಲಕಪ್ಪ ಒಬ್ಬನೇ. ತಗಡನ್ನು ಮುಖ ಅಡಿಯಾಗಿ ಮುಂದೆ ತಳ್ಳಿಕೊಂಡು, ಮೊಣಕಾಲೂರಿ ಒಳಗೆ ಹೋದ. ಅಲ್ಲಿ ಗೋರಿ ಗೋರಿ ತುಂಬಿಸಿ "ಎಳೀರಿ!" ಎಂದು ಕೂಗುವನು. ತಗಡು ಸಿಮೆಂಟಿನ ಮೇಲೆ ಕರಕರ ಸದ್ದು ಮಾಡುತ್ತಾ ಹೊರಗೆ ಹೋಗುವುದು. ಪ್ರತಿ ಕರಕರಕ್ಕೂ ಅವನ ಹಲ್ಲು ಜುಮ್ಮೆನ್ನುತ್ತಿತ್ತು. ಯಾವ ಅಕ್ಷರ ಹೋಯಿತು ಎಂದು ಅವನ ಕಿವಿಗೆ ಗೊತ್ತಾಗುತ್ತಿತ್ತೋ ಏನೋ.

"ಬೀಗರೇ, ಸ್ವಲ್ಪ ಬೇಗ!" ಎಂದು ಹೊರಗಿನಿಂದ ಮೇಷ್ಟ್ರು.

"ನಿಮ್ಮ ಹೊಟ್ಟೆ ಇಲ್ಲಿ ತಂದು ಆಮೇಲೆ ಮಾತಾಡಿ!"

ಮೋರಿಯ ನಟ್ಟನಡುವೆ, ಎಲ್ಲವನ್ನೂ ತಡೆದು ಹಿಡಿದಿದ್ದದ್ದು ಅಕ್ರಿಲಿಕ್ ಚೂರುಗಳು. ಚೀಲ ಹರಿದು, ಕೆಸರಿನಲ್ಲಿ ಬೆಸೆದು, ಗೋಡೆಯಂತೆ ನಿಂತಿದ್ದವು. ಅಕ್ಷರ ಕತ್ತರಿಸಿ ತೆಗೆದ ಮೇಲೆ ಉಳಿದ ತೂತುಗಳ ಪಟ್ಟಿಗಳು, ಶೀಲ್ಡಿನ ಮೂಲೆಗಳು. ಅವುಗಳ ನಡುವೆ ಅಂಗೈಯಗಲದ ಒಂದು ಚೂರು ಟಾರ್ಚಿನ ಬೆಳಕಿಗೆ ಹೊಳೆಯಿತು. ಅರ್ಧ ಉಜ್ಜಿದ ಅಕ್ಷರಗಳು. ಅವನದೇ ಹೆಸರು. ಆಗ ಅವನಿಗೆ ಏನನ್ನಿಸಿತೋ ಹೇಳುವುದು ಕಷ್ಟ. ಹೀಗೆ ಏನಾದರೂ ಅನ್ನಿಸುವುದು ಅವನಿಗೆ ಅಷ್ಟು ರೂಢಿಯಿರಲಿಲ್ಲ. ಚೂರನ್ನು ಉಳಿದ ಕಸದ ಜೊತೆ ತಗಡಿನ ಮೇಲೆ ಹಾಕಿದ. "ಎಳೀರಿ," ಎಂದ. ಈ ಸಲ ಕೂಗಲಿಲ್ಲ. ಹೊರಗಿನವರು ಇನ್ನೊಮ್ಮೆ ಕೇಳಬೇಕಾಯಿತು.

ಶನಿವಾರ ಕತ್ತಲಾಗುವ ತನಕ ಎಳೆದರು, ಭಾನುವಾರ ಬೆಳಿಗ್ಗೆ ಮತ್ತೆ ಬಂದರು. ಅನಾವರಣಕ್ಕೆಂದು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದ ಬಳಗದವರು ಮೂಗು ಮುಚ್ಚಿಕೊಂಡು ನೋಡಿ, ಚಿತ್ರ ತೆಗೆಯಲು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ, ಒಬ್ಬೊಬ್ಬರಾಗಿ ಏನೋ ಕೆಲಸ ನೆನಪಾಗಿ ಹೋದರು. ಮಧ್ಯಾಹ್ನ ಡಾಕ್ಟರು ಬಂದು ಮೋರಿಯ ಬಾಯಿಗೆ ಬೀಗರ ಎರಡೂ ಕ್ಯಾಮೆರಾಗಳನ್ನು ತಾವೇ ನಿಂತು ಎದುರುಬದುರು ಕಟ್ಟಿಸಿದರು. ಕೊಳವೆಯ ಆಚೆ ಬಾಯಿಯಲ್ಲಿ ಬಿಸಿಲಿನ ಒಂದು ದುಂಡು ಬಿಲ್ಲೆ ಕಂಡಿತು. ಕೊನೆಯ ತುತ್ತು ಕೆಸರನ್ನು ತಳ್ಳಿಕೊಂಡು ಫಲಕಪ್ಪ ಆಮೇಲೆ ಹೊರಗೆ ಬಂದ. ಸಂಜೆ ಚಿರತೆಯನ್ನು ಬಿಟ್ಟರು. ಬೋನಿನ ಬಾಗಿಲು ಎತ್ತಿದಾಗ ಅದು ಯಾರನ್ನೂ ನೋಡಲಿಲ್ಲ. ಕುಂಟುತ್ತಾ ಹುಲ್ಲಿನೊಳಗೆ ಹೋಯಿತು. ಹುಲ್ಲು ಒಂದಷ್ಟು ದೂರ ಅಲುಗಿತು, ಆಮೇಲೆ ಅಲುಗಲಿಲ್ಲ.

ತಗಡನ್ನು ತೊಳೆದು ನೋಡಿದರೆ ಹೆಸರುಗಳು ಹೋಗಿದ್ದವು, ಕೂದಲೆಳೆಯಷ್ಟು ಹೆಚ್ಚು ಆಳವಿದ್ದವೂ ಕೂಡ. ಚುಕ್ಕೆಗಳು ಅಲ್ಲಲ್ಲಿ ಉಳಿದಿದ್ದವು. "ಪಾಲಿಶ್ ಹೊಡೆದ್ರೆ ಇನ್ನೊಂದ್ಸಲ ಕೆತ್ತಬಹುದು," ಎಂದ ಫಲಕಪ್ಪ. ಹೆಂಡತಿ ಅವನನ್ನು ಒಮ್ಮೆ ನೋಡಿದಳು. ಆ ತಗಡು ಈಗ ಅಂಗಡಿಯ ಮುಂದೆ ಚರಂಡಿಯ ಮೇಲಿದೆ. ಅವಳು ಸ್ಟೂಲು ಹಾಕಿಕೊಂಡು ಕೂರುವುದು ಅದರ ಮೇಲೆಯೇ.

ಎರಡು ವಾರ ಕಳೆದು ಮೇಡಂ ಚಿತ್ರಗಳನ್ನು ಮುದ್ರಿಸಿ ಅಂಗಡಿಗೆ ತಂದರು. ಹೊಸ ಜೋಡಿ ಕ್ಯಾಮೆರಾಗಳಿಗೆ ಮೊದಲು ಸಿಕ್ಕ ಪ್ರಾಣಿ ಮೋರಿಯಿಂದ ನಾಲ್ಕು ಕಾಲಲ್ಲಿ ಹೊರಬರುತ್ತಿತ್ತು. ಎಡ ಮಗ್ಗುಲಲ್ಲಿ ಕೆಸರಿನ ಚುಕ್ಕೆಗಳು ಒಂದು ಥರ, ಬಲ ಮಗ್ಗುಲಲ್ಲಿ ಇನ್ನೊಂದು ಥರ. ಬಾಯಿ ತೆರೆದಿತ್ತು, ಬಹುಶಃ ಮೇಷ್ಟ್ರಿಗೆ ಬಯ್ಯುತ್ತಿದ್ದ.

ಹೆಂಡತಿ ಎರಡೂ ಚಿತ್ರಗಳನ್ನು ಗೋಂದಿನ ಬೆರಳುಗಳಲ್ಲಿ ಹಿಡಿದು, ದೂರವಿಟ್ಟು, ಹತ್ತಿರ ತಂದು ನೋಡಿದಳು.

"ಎರಡೂ ಒಂದೇನಾ ಮೇಡಂ? ಸರಿಯಾಗಿ ನೋಡಿ ಹೇಳಿ. ಆಮೇಲೆ ಯಾರಾದ್ರೂ ಬೇರೆ ಬೇರೆ ಅಂತ ದತ್ತು ತಗೊಂಡುಬಿಟ್ಟಾರು."

"ಚಿರತೆ?" ಎಂದ ಫಲಕಪ್ಪ. "ಚಿರತೆ ಬಂತಾ?"

ತನ್ನ ಚಿತ್ರ ಕಣ್ಣೆದುರಿಗೇ ಇರುವಾಗ ಅವನು ಬೇರೆಯದನ್ನು ಕೇಳಿದ. ಇದನ್ನು ಹೆಂಡತಿ ಗಮನಿಸಿದಳು. ಮೇಡಂ ಇನ್ನೆರಡು ಚಿತ್ರಗಳನ್ನು ಮೇಜಿನ ಮೇಲಿಟ್ಟರು. ಒಂದರಲ್ಲಿ ಮುರಿದ ಬಳೆ, ಒಂದರಲ್ಲಿ ಕೊಕ್ಕೆ. ಅದೇ ಮೋರಿ, ಅದೇ ಗಳಿಗೆ, ಗಲ್ಲದಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ಕೆರೆಯ ನೀರು.

ಹೆಂಡತಿ ಒಂದು ಪೆಟ್ಟಿಗೆ ತೆಗೆದು, ಅದಕ್ಕೆ ಮಖಮಲ್ಲಿನ ಒಂದು ತುಂಡು ಅಳತೆ ಮಾಡಿ ಕತ್ತರಿಸಿದಳು. ಯಾವ ಜೋಡಿ ಚಿತ್ರಕ್ಕೆ ಎಂದು ಅವನು ಕೇಳಿದ. ಅವಳು ಚಿರತೆಯ ಜೋಡಿಯನ್ನು ಪೆಟ್ಟಿಗೆಯೊಳಗೆ ಇಟ್ಟಳು. ಅವನ ಜೋಡಿಯನ್ನು ಬರಿಗೋಡೆಗೆ, ತಾನು ಬೀದಿಯಲ್ಲಿ ಕೂತರೂ ಕಾಣುವ ಕಡೆಗೆ, ಗೋಂದು ಹಚ್ಚಿ ಅಂಟಿಸಿದಳು.